ಕೈಗಾದಲ್ಲಿ ಕೆಲಸ ಮಾಡುವ ಹುಡುಗನಿಗೆ ತಂಗಿಯನ್ನು ಕೊಡಬಹುದಾ? ವಿಕಿರಣದ ಬಗ್ಗೆ ಗೊತ್ತಿದ್ದವರು ಹೇಳಿ

ಯಲ್ಲಾಪುರದವಳು

ತಂಗಿಗೆ ಒಂದು ಸಂಬಂಧ ಬಂದಿದೆ. ಹುಡುಗ ಕೈಗಾ ಅಣುಸ್ಥಾವರದಲ್ಲಿ ಇಂಜಿನಿಯರ್, ಮಲ್ಲಾಪುರದ ಟೌನ್‌ಶಿಪ್ಪಿನಲ್ಲಿ ಕ್ವಾರ್ಟರ್ಸ್. ಜಾತಕ ಕೂಡಿ ಬಂದಿದೆ, ಇಬ್ಬರೂ ಮಾತಾಡಿ ಒಪ್ಪಿಯೂ ಆಗಿದೆ. ಈಗ ದೊಡ್ಡಮ್ಮ ತಕರಾರು ತೆಗೆದಿದ್ದಾರೆ. ಅಲ್ಲಿ ಕೆಲಸ ಮಾಡುವವರ ಮೈಯಲ್ಲೇ ವಿಕಿರಣ ಸೇರಿಕೊಂಡಿರುತ್ತದಂತೆ, ಜೊತೆಗಿದ್ದವರಿಗೂ ಹತ್ತುತ್ತದಂತೆ, ಹುಟ್ಟುವ ಮಕ್ಕಳಿಗೆ ಊನ ಆಗುತ್ತದಂತೆ. ಇದನ್ನು ಕೇಳಿ ಅಮ್ಮನಿಗೂ ನಿದ್ದೆ ಇಲ್ಲ.

ನಾನು ಓದಿದ್ದು ಬಿ.ಕಾಂ. ಹುಡುಗನನ್ನೇ ಕೇಳೋಣ ಎಂದರೆ ಅವರ ಮನೆಯವರು ಬೇಜಾರು ಮಾಡಿಕೊಂಡಾರು ಎಂಬ ಅಂಜಿಕೆ. ವಿಕಿರಣ ಒಬ್ಬರಿಂದ ಇನ್ನೊಬ್ಬರಿಗೆ ಹರಡುತ್ತದಾ? ಅಲ್ಲಿ ಸಂಸಾರ ಮಾಡಿಕೊಂಡು ಇರಬಹುದಾ? ಕಾಳಿ ನದಿಯ ನೀರು, ಮೀನು ಹೇಗೆ? ಸ್ಥಾವರ ಬಾಂಬಿನ ಹಾಗೆ ಸಿಡಿಯುವುದುಂಟಾ? ದಯವಿಟ್ಟು ನನ್ನಂಥವರಿಗೂ ಅರ್ಥವಾಗುವ ಹಾಗೆ ಹೇಳಿ.

ಮೈಸೂರು ಮಂಜು

ಕೇಂದ್ರ ಸರ್ಕಾರದ ಕೆಲಸ, ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ ಎಲ್ಲಾ ಇದೆ. ಕಣ್ಣು ಮುಚ್ಚಿ ಮಾಡಿ.

ಕದ್ರಾ ಕಡೆಯವ

ಕಣ್ಣು ಮುಚ್ಚಿ ಯಾಕೆ ಮಾಡಬೇಕು? ಅವರು ಕಣ್ಣು ತೆರೆಯಬೇಕು ಅಂತಲೇ ಇಲ್ಲಿ ಕೇಳಿದ್ದು.

ಎಕ್ಸ್‌ರೇ ಅಕ್ಕ

ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ, ಸಿಟಿ ವಿಭಾಗದಲ್ಲಿ ಇರುವುದು. ನನ್ನ ಮದುವೆ ಮಾತುಕತೆಯಲ್ಲೂ ಇದೇ ಪ್ರಶ್ನೆ ಎದ್ದಿತ್ತು ಮಾರಾಯ್ರೆ, ಹಾಗಾಗಿ ನಿಮ್ಮ ಅಮ್ಮನ ಸಂಕಟ ನನಗೆ ಅರ್ಥ ಆಗ್ತದೆ.

ಎರಡು ಬೇರೆ ಬೇರೆ ಸಂಗತಿಗಳನ್ನು ಜನ ಒಟ್ಟಿಗೆ ಕಲಸಿಬಿಡುತ್ತಾರೆ. ಕಿರಣ ಮೈಮೇಲೆ ಬೀಳುವುದು ಒಂದು. ಕಿರಣ ಸೂಸುವ ವಸ್ತುವೇ ಮೈಗೆ ಅಂಟಿಕೊಳ್ಳುವುದು, ಇಲ್ಲವೇ ಉಸಿರಿನಲ್ಲಿ, ನೀರಿನಲ್ಲಿ ಒಳಗೆ ಹೋಗುವುದು ಇನ್ನೊಂದು. ಒಲೆ ಮುಂದೆ ಕೂತು ಮೈ ಕಾಯಿಸಿಕೊಂಡು ಎದ್ದು ಬಂದವರಿಂದ ಪಕ್ಕದವರಿಗೆ ಬೆಂಕಿ ಹತ್ತುವುದಿಲ್ಲ. ಕೆಂಡವೇ ಸೆರಗಿಗೆ ಬಿದ್ದಿದ್ದರೆ ಮಾತು ಬೇರೆ. ಎಕ್ಸ್‌ರೇ ತೆಗೆಸಿಕೊಂಡವರ ಮೈಯಲ್ಲಿ ಏನೂ ಉಳಿಯುವುದಿಲ್ಲ, ಯಂತ್ರದ ಸ್ವಿಚ್ ಆಫ್ ಆದ ಕೂಡಲೇ ಕಿರಣವೂ ಮುಗಿಯಿತು. ಅದೇ ಥೈರಾಯ್ಡ್ ಕ್ಯಾನ್ಸರಿಗೆ ಅಯೋಡಿನ್-131 ಕೊಟ್ಟ ರೋಗಿಯ ದೇಹದಿಂದ ಕೆಲವು ದಿನ ನಿಜವಾಗಿಯೂ ಕಿರಣ ಬರ್ತದೆ. ಅದಕ್ಕೇ ಅವರಿಗೆ ಬೇರೆ ಕೋಣೆ, ಬೇರೆ ಶೌಚಾಲಯ. ಗರ್ಭಿಣಿಯರನ್ನೂ ಮಕ್ಕಳನ್ನೂ ಹತ್ತಿರ ಬಿಡುವುದಿಲ್ಲ. ಅದರ ಅರ್ಧಾಯು 8 ದಿನ, ಅಂದರೆ 8 ದಿನಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತಾ ಹೋಗ್ತದೆ. ಮೂತ್ರದಲ್ಲಿ ಹೊರಗೆ ಹೋಗುವುದು ಬೇರೆ.

ನಾವೂ ಟಿಎಲ್‌ಡಿ ಬ್ಯಾಡ್ಜ್ ಹಾಕಿಕೊಳ್ಳುವವರೇ. ನೋಡಲಿಕ್ಕೆ ಐಡಿ ಕಾರ್ಡಿನ ಹಾಗೆ ಉಂಟು, ಒಳಗೆ ಮೂರು ಬಿಳಿ ಬಿಲ್ಲೆ. ಎದೆಯ ಮೇಲೆ, ಸೀಸದ ಏಪ್ರನ್ನಿನ ಒಳಗೆ ಸಿಕ್ಕಿಸಿಕೊಳ್ಳಬೇಕು. ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಕಳಿಸುತ್ತಾರೆ. ಬಿಲ್ಲೆಯನ್ನು ಬಿಸಿ ಮಾಡಿದರೆ ಅದರಿಂದ ಬೆಳಕು ಬರ್ತದೆ; ಎಷ್ಟು ಬೆಳಕು ಬಂತು ಎಂಬುದರಿಂದ ಎಷ್ಟು ಕಿರಣ ಬಿತ್ತು ಎಂದು ಲೆಕ್ಕ. ನಿಮ್ಮ ಹುಡುಗನ ಹೆಸರಿನಲ್ಲೂ ಇಂಥ ದಾಖಲೆ ಇದ್ದೇ ಇರ್ತದೆ.

ರಿಟೈರ್ಡ್ ಫಿಟ್ಟರ್

ಅಕ್ಕ ಸರಿಯಾಗಿ ಹೇಳಿದ್ದಾರೆ. ನಾನು ಬೇರೆ ರಾಜ್ಯದಲ್ಲಿ ಭಾರಜಲ (ಭಾರವಾದ ಜಲಜನಕ ಇರುವ ನೀರು) ಬಳಸುವ ಇಂಥದ್ದೇ ಅಣುಸ್ಥಾವರದಲ್ಲಿ ಮೇಂಟೆನೆನ್ಸ್ ಕೆಲಸ ಮಾಡಿದವನು. ಒಳಗಿನ ಕ್ರಮ ಹೇಳುತ್ತೇನೆ, ನಿಮ್ಮ ದೊಡ್ಡಮ್ಮನಿಗೆ ಓದಿ ಹೇಳಿ.

ಸ್ಥಾವರವನ್ನು ಜೋನ್‌ಗಳಾಗಿ ವಿಂಗಡಿಸಿರುತ್ತಾರೆ. ರಿಯಾಕ್ಟರ್ ಕಟ್ಟಡದ ಕಡೆ ಹೋಗಬೇಕಾದರೆ ಸ್ವಂತ ಬಟ್ಟೆ ಬಿಚ್ಚಿಟ್ಟು ಅಲ್ಲಿಯ ಹತ್ತಿಯ ಬಟ್ಟೆ, ಅಲ್ಲಿಯ ಬೂಟು ಹಾಕಬೇಕು. ಎದೆಗೆ ಬ್ಯಾಡ್ಜು, ಅದರ ಜೊತೆಗೆ ಎಷ್ಟು ಕಿರಣ ಬಿತ್ತೆಂದು ಅಲ್ಲೇ ನೋಡಿಕೊಳ್ಳಬಹುದಾದ ಡೋಸಿಮೀಟರ್. ಗಾಳಿಯಲ್ಲಿ ಟ್ರೀಷಿಯಂ (ಕಿರಣ ಸೂಸುವ ಜಲಜನಕ) ಹೆಚ್ಚಿದ್ದ ಕಡೆಗೆ ಪ್ಲಾಸ್ಟಿಕ್ ಸೂಟು, ಕೊಳವೆಯಲ್ಲಿ ಹೊರಗಿನ ಗಾಳಿ ಒಳಗೆ ಬರುತ್ತಿರುತ್ತದೆ. ಅದರ ಸದ್ದಿಗೆ ಪಕ್ಕದವನ ಮಾತೂ ಕೇಳುವುದಿಲ್ಲ, ಕೈಸನ್ನೆಯಲ್ಲೇ ಕೆಲಸ. ಹೊರಗೆ ಬರುವಾಗ, ಮೈಗೆ ಏನಾದರೂ ಅಂಟಿದೆಯೇ ಎಂದು ನೋಡುವ ಮಾನಿಟರ್ ಮುಂದೆ ನಿಲ್ಲಬೇಕು. ಎರಡೂ ಕೈ ಗೂಡಿನೊಳಗೆ, ಪಾದ ಗುರುತಿನ ಮೇಲೆ. ಗಂಟೆ ಹೊಡೆಯಿತೋ ವಾಪಸು ಹೋಗಿ ಸೋಪು ಹಚ್ಚಿ ತೊಳೆದು ಮತ್ತೆ ಬಂದು ನಿಲ್ಲಬೇಕು. ಎಷ್ಟೇ ದೊಡ್ಡ ಅಧಿಕಾರಿಯಾದರೂ ಅಷ್ಟೇ. ಮೂತ್ರದ ಸ್ಯಾಂಪಲ್ಲನ್ನೂ ಆಗಾಗ ಕೊಡಬೇಕು.

ಮನೆಗೆ ನಾನು ತಂದದ್ದು ಬೆವರಿನ ಬಟ್ಟೆ ಮಾತ್ರ.

ಯಲ್ಲಾಪುರದವಳು

ಎಷ್ಟು ಚೆನ್ನಾಗಿ ಹೇಳಿದಿರಿ. ಹತ್ತಿಕೊಳ್ಳುವ ರೋಗದ ಹಾಗಲ್ಲ ಎಂಬುದು ಈಗ ಗೊತ್ತಾಯಿತು. ಆದರೆ ಆ "ಲೆಕ್ಕ" ಅಂದಿರಲ್ಲ, ಎಷ್ಟಾದರೆ ಹೆಚ್ಚು, ಎಷ್ಟಾದರೆ ಕಡಿಮೆ?

ಭೌತಶಾಸ್ತ್ರ ಮೇಷ್ಟ್ರು

ಇದೇ ಸರಿಯಾದ ಪ್ರಶ್ನೆ ತಾಯಿ. "ವಿಕಿರಣ ಇದೆಯಾ ಇಲ್ಲವಾ" ಎಂದು ಕೇಳಿದರೆ ಉತ್ತರ ಯಾವಾಗಲೂ "ಇದೆ". ನೆಲದಲ್ಲಿ ಇದೆ, ಆಕಾಶದಿಂದ ಬರುತ್ತದೆ, ನಮ್ಮ ಮೂಳೆ ಮಾಂಸದಲ್ಲೂ ಇದೆ. ದೇಹದಲ್ಲಿರುವ ಪೊಟ್ಯಾಸಿಯಂನ ಒಂದು ಸಣ್ಣ ಪಾಲು ಪೊಟ್ಯಾಸಿಯಂ-40. ದೊಡ್ಡವರ ದೇಹದಲ್ಲಿ ಪ್ರತಿ ಸೆಕೆಂಡಿಗೆ ಅದರ ಸುಮಾರು 4,000 ಪರಮಾಣುಗಳು ಒಡೆಯುತ್ತಿರುತ್ತವೆ. ಬಾಳೆಹಣ್ಣು ತಿಂದರೂ ಬಿಟ್ಟರೂ ದೇಹ ತನಗೆ ಬೇಕಾದಷ್ಟು ಪೊಟ್ಯಾಸಿಯಂ ಇಟ್ಟುಕೊಂಡು ಉಳಿದದ್ದನ್ನು ಹೊರಹಾಕುತ್ತದೆ.

ದೇಹಕ್ಕೆ ಆಗುವ ಪರಿಣಾಮವನ್ನು ಅಳೆಯುವುದು ಮಿಲಿಸೀವರ್ಟಿನಲ್ಲಿ. ಪ್ರಕೃತಿಯಿಂದಲೇ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಜಗತ್ತಿನ ಸರಾಸರಿ 2.4. ಹೊಟ್ಟೆಯ ಒಂದು ಸಿಟಿ ಸ್ಕ್ಯಾನಿಗೆ 8-10 ಆಗಬಹುದು, ಎದೆಯ ಎಕ್ಸ್‌ರೇಗೆ 0.1 ಕೂಡ ಇಲ್ಲ. ನಮ್ಮ ದೇಶದಲ್ಲಿ ಅಣುಸ್ಥಾವರದ ಕೆಲಸಗಾರರಿಗೆ ಮಿತಿ 5 ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20, ಯಾವ ಒಂದು ವರ್ಷದಲ್ಲೂ 30 ಮೀರಬಾರದು. ಹೊರಗಿನ ಜನರಿಗೆ ಸ್ಥಾವರದ ಕಾರಣದಿಂದ ಸೇರಬಹುದಾದ ಮಿತಿ ವರ್ಷಕ್ಕೆ 1. ಕೈಗಾ ಸುತ್ತಮುತ್ತ ಪ್ರಕಟವಾಗುತ್ತಿರುವ ಅಂಕಿ ಈ 1ರ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ.

ಒಂದೇ ಸಲಕ್ಕೆ 1,000 ಮಿಲಿಸೀವರ್ಟ್ ಬಿದ್ದರೆ ವಾಂತಿ, ರಕ್ತಕಣ ಕುಸಿತ ಶುರು. 4,000-5,000 ಬಿದ್ದು ಚಿಕಿತ್ಸೆ ಸಿಗದಿದ್ದರೆ ಅರ್ಧ ಜನ ಉಳಿಯುವುದಿಲ್ಲ. 100ಕ್ಕಿಂತ ಕೆಳಗೆ ಕ್ಯಾನ್ಸರ್ ಹೆಚ್ಚುತ್ತದೆಯೇ ಎಂಬುದು ಅಂಕಿಅಂಶದಲ್ಲಿ ಸ್ಪಷ್ಟವಾಗಿ ಎದ್ದು ಕಾಣುವುದು ಕಷ್ಟ. ಹಾಗೆಂದು ಶೂನ್ಯ ಎಂದು ಬಗೆಯದೆ, ಡೋಸ್ (ಮೈಗೆ ಬಿದ್ದ ಕಿರಣದ ಪ್ರಮಾಣ) ಎಷ್ಟೋ ಅಪಾಯವೂ ಅಷ್ಟು ಎಂದಿಟ್ಟುಕೊಂಡೇ ನಿಯಮ ಮಾಡಿದ್ದಾರೆ. ಆ ಲೆಕ್ಕದಲ್ಲಿ 100 ಮಿಲಿಸೀವರ್ಟಿಗೆ ಜೀವಮಾನದಲ್ಲಿ ಮಾರಕ ಕ್ಯಾನ್ಸರಿನ ಸಂಭವ ಶೇ. 0.5ರಷ್ಟು ಹೆಚ್ಚು.

ಯಲ್ಲಾಪುರದವಳು

ಮಕ್ಕಳ ವಿಷಯ? ಅಮ್ಮನ ಹೆದರಿಕೆ ಇರುವುದೇ ಅಲ್ಲಿ.

ಭೌತಶಾಸ್ತ್ರ ಮೇಷ್ಟ್ರು

ಹಿರೋಶಿಮಾ, ನಾಗಸಾಕಿಯಲ್ಲಿ ಬಾಂಬಿನಿಂದ ಬದುಕಿ ಉಳಿದವರಿಗೆ ಆಮೇಲೆ ಹುಟ್ಟಿದ 70,000ಕ್ಕೂ ಹೆಚ್ಚು ಮಕ್ಕಳನ್ನು ದಶಕಗಟ್ಟಲೆ ಗಮನಿಸಿದ್ದಾರೆ. ತಂದೆ ತಾಯಿಗೆ ತಗಲಿದ ವಿಕಿರಣದಿಂದ ಆ ಮಕ್ಕಳಲ್ಲಿ ಹುಟ್ಟು ದೋಷ ಹೆಚ್ಚಾದದ್ದು ಕಂಡುಬಂದಿಲ್ಲ. ಅವರಿಗೆ ಬಿದ್ದದ್ದಕ್ಕೆ ಹೋಲಿಸಿದರೆ ಈ ಹುಡುಗನ ಬ್ಯಾಡ್ಜಿನ ಅಂಕಿ ಲೆಕ್ಕಕ್ಕೇ ಬರುವುದಿಲ್ಲ.

ಎಕ್ಸ್‌ರೇ ಅಕ್ಕ

ಮೇಷ್ಟ್ರೇ, ಅದರ ಜೊತೆಗೆ ಇನ್ನೊಂದನ್ನೂ ಹೇಳಬೇಕು. ಬಾಂಬು ಬಿದ್ದಾಗ ಹೊಟ್ಟೆಯಲ್ಲಿದ್ದ ಶಿಶುಗಳಿಗೆ ತೊಂದರೆ ಆಗಿದೆ. ಅದರಲ್ಲೂ 8ರಿಂದ 15 ವಾರದ ಒಳಗಿನವಕ್ಕೆ ತಲೆ ಸಣ್ಣದಾಗಿ, ಬುದ್ಧಿ ಬೆಳವಣಿಗೆ ಕುಂಠಿತವಾದದ್ದು ದಾಖಲಾಗಿದೆ. ಹಾಗಾಗಿ ವಿಕಿರಣದ ಹತ್ತಿರ ಕೆಲಸ ಮಾಡುವ ಹೆಂಗಸರು ಗರ್ಭಿಣಿ ಎಂದು ಗೊತ್ತಾದ ಕೂಡಲೇ ತಿಳಿಸಬೇಕು. ಅಲ್ಲಿಂದ ಮುಂದೆ ಶಿಶುವಿಗೆ 1 ಮಿಲಿಸೀವರ್ಟ್ ಮೀರದ ಹಾಗೆ ಕೆಲಸ ಬದಲಿಸಿ ಕೊಡ್ತಾರೆ. ಇಲ್ಲಿ ಒಳಗೆ ಹೋಗುವುದು ಹುಡುಗ, ನಿಮ್ಮ ತಂಗಿ ಅಲ್ಲ.

ಕದ್ರಾ ಕಡೆಯವ

ಎಲ್ಲರೂ ಅಂಕಿ ಹೇಳುತ್ತಿದ್ದೀರಿ. 2009ರ ನವೆಂಬರ್ ಯಾರಿಗೂ ನೆನಪಿಲ್ಲವೇ? ಕೈಗಾದ ಒಳಗೇ ಸಿಬ್ಬಂದಿ ಕುಡಿಯುವ ನೀರಿನ ಕೂಲರಿಗೆ ಟ್ರೀಷಿಯಂ ಇದ್ದ ಭಾರಜಲ ಬೆರೆಸಿದ್ದರು. 50ಕ್ಕೂ ಹೆಚ್ಚು ಜನರ ಹೊಟ್ಟೆಗೆ ಹೋಯಿತು. ಹೊರಗಿನವರು ಯಾರೂ ಬಂದು ಮಾಡಿದ್ದಲ್ಲ, ಒಳಗಿನವರದ್ದೇ ಕೃತ್ಯ ಎಂದು ಅಧಿಕಾರಿಗಳೇ ಹೇಳಿದರು. 1994ರ ಮೇನಲ್ಲಿ ಕಟ್ಟುತ್ತಿದ್ದ 1ನೇ ಘಟಕದ ಗುಮ್ಮಟದ ಒಳಪದರ ಕಳಚಿ ಬಿದ್ದದ್ದು ಮರೆತುಹೋಯಿತೇ? ವಿಕಿರಣವನ್ನು ಹೊರಗೆ ಬಿಡಬಾರದೆಂದೇ ಕಟ್ಟುವ ಗುಮ್ಮಟ ಅದು.

ನಾನು ವಿಜ್ಞಾನದ ವಿರೋಧಿ ಅಲ್ಲ. ಸೂಪಾ, ಕೊಡಸಳ್ಳಿ, ಕದ್ರಾ ಎಂದು ಕಾಳಿಗೆ ಒಂದರ ಮೇಲೊಂದು ಅಣೆಕಟ್ಟು ಕಟ್ಟಿ ನಮ್ಮವರನ್ನು ಎಬ್ಬಿಸಿದರು, ಆಮೇಲೆ ಸ್ಥಾವರ ಬಂತು. ಶಿವರಾಮ ಕಾರಂತರು ಆ ಇಳಿವಯಸ್ಸಿನಲ್ಲಿ ಬೀದಿಗಿಳಿದು, 1989ರಲ್ಲಿ ಲೋಕಸಭೆ ಚುನಾವಣೆಗೂ ನಿಂತರು. ಸೋತರು. ಅವರು ಎತ್ತಿದ ಪ್ರಶ್ನೆಗಳಿಗೆ ಉತ್ತರ ಬಂದಿದೆಯೇ? ವಿಕಿರಣ ಅಳೆಯುವವರೂ ಅಣುಶಕ್ತಿಯವರೇ, ಪ್ರಕಟಿಸುವವರೂ ಅವರೇ.

ರಿಟೈರ್ಡ್ ಫಿಟ್ಟರ್

2009ರದ್ದು ಗೊತ್ತಾದದ್ದೇ ಮೂತ್ರದ ಸ್ಯಾಂಪಲ್ಲಿನಿಂದ. ತಪಾಸಣೆ ಇದ್ದುದರಿಂದಲೇ ಸಿಕ್ಕಿಬಿತ್ತು. ಟ್ರೀಷಿಯಂ ಎಂದರೆ ಜಲಜನಕದ್ದೇ ಒಂದು ರೂಪ, ನೀರಾಗಿ ಒಳಗೆ ಹೋಗುತ್ತದೆ, ನೀರಾಗಿಯೇ ಹೊರಗೆ ಬರುತ್ತದೆ. ಅದರ ಅರ್ಧಾಯು 12.3 ವರ್ಷ ಇದ್ದರೂ ದೇಹದಿಂದ ಸುಮಾರು 10 ದಿನಕ್ಕೆ ಅರ್ಧ ಹೊರಟುಹೋಗುತ್ತದೆ. ನೀರು ಹೆಚ್ಚು ಕುಡಿಸಿದರೆ ಇನ್ನೂ ಬೇಗ.

ಕದ್ರಾ ಕಡೆಯವ

ಸ್ಯಾಂಪಲ್ ಕೊಡುವುದು ನೌಕರರು. ಊರಿನವರ ಸ್ಯಾಂಪಲ್ ಯಾರು ತೆಗೆಯುತ್ತಾರೆ?

ಭೌತಶಾಸ್ತ್ರ ಮೇಷ್ಟ್ರು

ಕೈಗಾದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಪರಿಸರ ಸಮೀಕ್ಷಾ ಪ್ರಯೋಗಾಲಯ ಇದೆ. ಸುತ್ತಲಿನ ಊರುಗಳ ನೀರು, ಹಾಲು, ಅಕ್ಕಿ, ಮೀನು, ಸೊಪ್ಪು ತಂದು ಅಳೆಯುವುದೇ ಅದರ ಕೆಲಸ. ಮೀನಿನ ಪ್ರಶ್ನೆಗೂ ಉತ್ತರ ಅಲ್ಲೇ ಸಿಗುತ್ತದೆ. ತಿನ್ನಬಾರದ ಮಟ್ಟ ಅವರು ಅಳೆದದ್ದರಲ್ಲಿ ಕಂಡಿಲ್ಲ.

ಆದರೆ ನಿಮ್ಮ ಆಕ್ಷೇಪಣೆಯಲ್ಲಿ ತಿರುಳಿದೆ. ಅಣುಶಕ್ತಿ ನಿಯಂತ್ರಣ ಮಂಡಳಿಗೆ ಬೇಕಾದ ಸ್ವಾತಂತ್ರ್ಯ ಇಲ್ಲ ಎಂದು 2012ರಲ್ಲಿ ಮಹಾಲೇಖಪಾಲರೇ (ಸಿಎಜಿ) ವರದಿ ಕೊಟ್ಟರು. ಸ್ವತಂತ್ರ ಪ್ರಾಧಿಕಾರ ಮಾಡುವ ಮಸೂದೆ 2011ರಲ್ಲಿ ಸಂಸತ್ತಿಗೆ ಬಂದು ಅಂಗೀಕಾರವಾಗದೆ ಬಿದ್ದುಹೋಯಿತು. ಅಂಕಿ ಸರಿಯಿದ್ದರೂ ಜನ ನಂಬಬೇಕಾದರೆ ಅಳೆಯುವ ಕೈ ಬೇರೆಯದೇ ಇರಬೇಕು. ಈ ಅಂಕಿಗಳನ್ನು ಕನ್ನಡದಲ್ಲಿ, ಕೊಂಕಣಿಯಲ್ಲಿ ಪ್ರತಿ ಪಂಚಾಯಿತಿ ಬೋರ್ಡಿಗೆ ಹಾಕಲು ಏನು ಕಷ್ಟ? ಇಷ್ಟು ವರ್ಷ ಪಾಠ ಮಾಡಿದ ನನಗೆ ಅರ್ಥವಾಗದ್ದು ಇದೇ. ಹೆದರುವವರನ್ನು ದಡ್ಡರು ಎನ್ನುವುದು ಸುಲಭ. ಹೇಳಬೇಕಾದದ್ದನ್ನು ಹೇಳದೆ ಬಿಟ್ಟ ಮೇಲೆ ಅವರು ಹೆದರದೆ ಏನು ಮಾಡಬೇಕು?

ಮೈಸೂರು ಮಂಜು

ಕೈಗಾ 1ನೇ ಘಟಕ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿದೆ. ಅಸುರಕ್ಷಿತ ಆಗಿದ್ದರೆ ಓಡುತ್ತಿತ್ತಾ?

ಟೋಕಿಯೋ ಕನ್ನಡಿಗ

ದಾಖಲೆ ನಿಜ, 2016ರ ಮೇಯಿಂದ 2018ರ ಡಿಸೆಂಬರ್ 31ರ ತನಕ. ಆದರೆ ಅದು ಈಗ ವಿಶ್ವದಾಖಲೆ ಅಲ್ಲ, ಕೆನಡಾದ ಡಾರ್ಲಿಂಗ್ಟನ್ ಸ್ಥಾವರದ ಒಂದು ಘಟಕ 2020ರಲ್ಲಿ ಅದನ್ನು ಮೀರಿಸಿ, 1,106 ದಿನ ಓಡಿ 2021ರಲ್ಲಿ ನಿಂತಿತು. ಅಲ್ಲದೆ ನಿಲ್ಲದೆ ಓಡುವುದು ಬೇರೆ, ಸುರಕ್ಷತೆ ಬೇರೆ. ಈ ಬಗೆಯ ಸ್ಥಾವರದಲ್ಲಿ ಓಡುತ್ತಿರುವಾಗಲೇ ಇಂಧನ ಬದಲಿಸಬಹುದು, ಹಾಗಾಗಿ ನಿಲ್ಲಿಸುವ ಅಗತ್ಯ ಕಡಿಮೆ.

ಹುಬ್ಬಳ್ಳಿಯಂವ

ಇಂಧನ ಅಂದ್ರ ಎಷ್ಟ ಬೇಕ್ರಿ? ರಾಯಚೂರ ಶಕ್ತಿನಗರಕ್ಕ ಕಲ್ಲಿದ್ದಲ ರೈಲಿನ ಮ್ಯಾಲ ರೈಲು ಹೋಗೂದ ನೋಡೇನಿ.

ರಿಟೈರ್ಡ್ ಫಿಟ್ಟರ್

220 ಮೆಗಾವ್ಯಾಟ್ ಘಟಕದ ಒಂದು ಇಂಧನ ಬಂಡಲ್ ಅಂದರೆ ಯುರೇನಿಯಂ ತುಂಬಿದ 19 ಕಡ್ಡಿಗಳ ಒಂದು ಕಟ್ಟು. ಅರ್ಧ ಮೀಟರ್ ಉದ್ದ, 15 ಕಿಲೋ ಆಸುಪಾಸು ತೂಕ. ಹೈದರಾಬಾದಿನಲ್ಲಿ ತಯಾರಾಗುತ್ತದೆ. ಹೊಸದನ್ನು ಬರಿಯ ಕೈಗವಸು ಹಾಕಿ ಎತ್ತಬಹುದು, ನಾನೇ ಎತ್ತಿದ್ದೇನೆ. ಕೈಗವಸು ಹಾಕುವುದು ಮುಖ್ಯವಾಗಿ ಕಟ್ಟಿಗೆ ನಮ್ಮ ಕೈಯ ಕೊಳೆ ಅಂಟದಿರಲಿ ಅಂತ. ಒಳಗೆ ಹೋಗಿ ಬಂದ ಮೇಲೆ ಮಾತ್ರ ಅದರ ಎದುರು ಯಾರೂ ನಿಲ್ಲುವಂತಿಲ್ಲ. ಯಂತ್ರವೇ ಹೊರಗೆ ತೆಗೆದು ನೀರಿನ ಕೊಳಕ್ಕೆ ಬಿಡುತ್ತದೆ.

ಭೌತಶಾಸ್ತ್ರ ಮೇಷ್ಟ್ರು

ಲೆಕ್ಕ ಹಾಕೋಣ. ಆ ಕಟ್ಟಿನಲ್ಲಿ ಯುರೇನಿಯಂ 13 ಕಿಲೋ ಚಿಲ್ಲರೆ. ಅದರಿಂದ ಸುಮಾರು 6.5 ಲಕ್ಷ ಯೂನಿಟ್ ವಿದ್ಯುತ್ ಸಿಗುತ್ತದೆ. ಅಷ್ಟೇ ವಿದ್ಯುತ್ತಿಗೆ ಕಲ್ಲಿದ್ದಲು 400 ಟನ್ನಿಗಿಂತ ಹೆಚ್ಚು ಬೇಕು, ಗೂಡ್ಸ್ ರೈಲಿನ 6-7 ವ್ಯಾಗನ್ನು. ಇಷ್ಟು ಮಾಡಿಯೂ ಯುರೇನಿಯಂ ಪರಮಾಣು ಒಡೆದಾಗ ಬರುವ ಶಾಖದಿಂದ ಮಾಡುವುದು ನೀರನ್ನು ಕಾಯಿಸಿ ಹಬೆ ಮಾಡುವುದನ್ನೇ. ಟರ್ಬೈನ್, ಜನರೇಟರ್ ಎಲ್ಲ ರಾಯಚೂರಿನದ್ದೇ ಬಗೆ.

ಹುಬ್ಬಳ್ಳಿಯಂವ

ಹಂಗಾದ್ರ ದೇಶಕ್ಕೆಲ್ಲಾ ಇದನ್ನ ಮಾಡಿಬಿಡಬೇಕಲ್ರಿ? ಹೊಗಿ ಇಲ್ಲ, ಬೂದಿ ಇಲ್ಲ. ಕಲ್ಲಿದ್ದಲ ಬೂದ್ಯಾಗೂ ಯುರೇನಿಯಂ, ಥೋರಿಯಂ ಇರ್ತಾವಂತ ಓದೇನಿ. ಆ ಬೂದಿ ಗಾಳ್ಯಾಗ ಹಾರೂದಕ್ಕ ಯಾರೂ ಧರಣಿ ಕೂಡೂದಿಲ್ಲ.

ಕದ್ರಾ ಕಡೆಯವ

ಶಕ್ತಿನಗರದ ಬೂದಿಗೂ ಜನ ಜಗಳ ಮಾಡಿದ್ದಾರೆ ಸ್ವಾಮಿ, ನಿಮಗೆ ಕೇಳಿಲ್ಲ ಅಷ್ಟೇ. ಇಷ್ಟು ದಶಕ ಕಳೆದರೂ ದೇಶದ ವಿದ್ಯುತ್ತಿನಲ್ಲಿ ಅಣು ಪಾಲು ಶೇ. 3ರ ಸುತ್ತಮುತ್ತ. ಅದಕ್ಕಾಗಿ ಪಶ್ಚಿಮಘಟ್ಟದ ಕಾಡು ಹೋಗಬೇಕೇ? ಈಗ 5, 6ನೇ ಘಟಕ ಬೇರೆ, ತಲಾ 700 ಮೆಗಾವ್ಯಾಟ್. 2018ರ ಡಿಸೆಂಬರಿನಲ್ಲಿ ಮಲ್ಲಾಪುರದಲ್ಲಿ ಅಹವಾಲು ಸಭೆ ನಡೆದಾಗ ಜನ ಬೇಡ ಎಂದು ಕೂಗಿದರು. ಆದರೂ ಪರಿಸರ ಅನುಮತಿ ಸಿಕ್ಕಿತು.

ಹುಬ್ಬಳ್ಳಿಯಂವ

ಸೋಲಾರ್ ರಾತ್ರಿ ಬರೂದಿಲ್ಲ, ಮಳಿ ಕೈಕೊಟ್ರ ಶರಾವತಿನೂ ಇಲ್ಲ. ಬೇಸಗ್ಯಾಗ ಪಂಪ್‌ಸೆಟ್ಟಿಗೆ ಕರೆಂಟ್ ಇಲ್ಲದ ಬೆಳಿ ಒಣಗಿದ್ದ ನೋಡಿದಾವ ನಾ. ಕಾಡೂ ಬೇಕ್ರಿ, ಕರೆಂಟೂ ಬೇಕು. ಸಿಟ್ಟಾಗಬ್ಯಾಡ್ರಿ.

ಯಲ್ಲಾಪುರದವಳು

ಅಣ್ಣಂದಿರೇ, ಜಗಳ ಬೇಡ. ಬಾಂಬಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಟೋಕಿಯೋ ಕನ್ನಡಿಗ

ಬಾಂಬಿನ ಹಾಗೆ ಸಿಡಿಯಲು ಸಾಧ್ಯವೇ ಇಲ್ಲ. ಸುಲಭವಾಗಿ ಒಡೆಯುವ ಯುರೇನಿಯಂ-235 ಬಾಂಬಿನಲ್ಲಿ ಶೇ. 90ರಷ್ಟು ಬೇಕು. ಕೈಗಾದಲ್ಲಿ ಉರಿಯುವುದು ನೆಲದಿಂದ ತೆಗೆದ ಸಹಜ ಯುರೇನಿಯಂ, ಅದರಲ್ಲಿ 235 ಇರುವುದು ಶೇ. 0.7 ಮಾತ್ರ. ಭಾರಜಲ ಸುತ್ತಲೂ ಇದ್ದರೆ ಮಾತ್ರ ಪರಮಾಣು ಒಡೆಯುವ ಕ್ರಿಯೆ ಮುಂದುವರಿಯುತ್ತದೆ. ತಮಿಳುನಾಡಿನ ಕೂಡಂಕುಳಂ ಸ್ಥಾವರದ್ದು ಬೇರೆ ಬಗೆ, ಸಾದಾ ನೀರು, ಸ್ವಲ್ಪ ಸಾಂದ್ರಗೊಳಿಸಿದ ಇಂಧನ. ಅದೂ ಬಾಂಬಾಗುವುದಿಲ್ಲ.

ಹಾಗಾದರೆ ಆಗಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಸ್ಥಾವರದ್ದು ಏನು ಎಂದು ಕೇಳುತ್ತೀರಿ. 1986ರ ಏಪ್ರಿಲ್ 26ರಂದು ಅಲ್ಲಿ ಶಕ್ತಿ ಕೈಮೀರಿ ಏರಿ ಹಬೆಯ ಒತ್ತಡಕ್ಕೆ ರಿಯಾಕ್ಟರ್ ಸಿಡಿಯಿತು. ಒಳಗಿದ್ದ ಗ್ರ್ಯಾಫೈಟಿಗೆ ಬೆಂಕಿ ಬಿದ್ದು ಸುಮಾರು 10 ದಿನ ಉರಿಯಿತು. ಗಟ್ಟಿಯಾದ ಗುಮ್ಮಟ ಇರಲೇ ಇಲ್ಲ, ಎಲ್ಲವೂ ಆಕಾಶಕ್ಕೆ. ಅಯೋಡಿನ್-131 ಹುಲ್ಲಿನ ಮೇಲೆ ಬಿತ್ತು, ಹುಲ್ಲಿನಿಂದ ಹಸುವಿಗೆ, ಹಾಲಿನಿಂದ ಮಕ್ಕಳಿಗೆ. ಸಾವಿರಾರು ಮಕ್ಕಳಿಗೆ ಆಮೇಲೆ ಥೈರಾಯ್ಡ್ ಕ್ಯಾನ್ಸರ್ ಬಂತು. ಆ ಹಾಲನ್ನು ಕೆಲವು ವಾರ ಕುಡಿಸಬೇಡಿ ಎಂದು ಕೂಡಲೇ ಹೇಳಿದ್ದರೆ ಬಹಳಷ್ಟು ಮಕ್ಕಳು ಪಾರಾಗುತ್ತಿದ್ದರು. ಸರ್ಕಾರ ಮುಚ್ಚಿಟ್ಟಿತು.

ನಾನಿರುವ ದೇಶದ ಫುಕುಶಿಮಾ ಕಥೆ ಇನ್ನೊಂದು ಥರ. 2011ರ ಮಾರ್ಚ್ 11ರ ಭೂಕಂಪಕ್ಕೆ ರಿಯಾಕ್ಟರುಗಳು ಸರಿಯಾಗಿಯೇ ನಿಂತವು. ನಿಂತರೂ ಇಂಧನದ ಶಾಖ ಒಮ್ಮೆಗೇ ಹೋಗುವುದಿಲ್ಲ. ನಿಲ್ಲಿಸಿದ ಕ್ಷಣದಲ್ಲೂ ಶೇ. 6-7ರಷ್ಟು ಶಾಖ ಬರುತ್ತಲೇ ಇರುತ್ತದೆ. ಅದನ್ನು ತಣಿಸಲು ಪಂಪು ಬೇಕು, ಪಂಪಿಗೆ ಕರೆಂಟು ಬೇಕು. ಸುನಾಮಿಯ ನೀರು ನುಗ್ಗಿ ಡೀಸೆಲ್ ಜನರೇಟರುಗಳು ಮುಳುಗಿದವು. ಮೂರು ರಿಯಾಕ್ಟರುಗಳ ಇಂಧನ ಕರಗಿತು. ಅಲ್ಲಿ ವಿಕಿರಣದಿಂದ ಸತ್ತವರಿಗಿಂತ ತರಾತುರಿಯಲ್ಲಿ ಆಸ್ಪತ್ರೆ, ವೃದ್ಧಾಶ್ರಮ ಖಾಲಿ ಮಾಡಿಸಿದ್ದರಿಂದ ಸತ್ತ ಮುದುಕರೇ ಹೆಚ್ಚು.

ಕದ್ರಾ ಕಡೆಯವ

ಇದನ್ನೇ ನಾನು ಹೇಳುವುದು. ಎರಡು ಕಡೆಯೂ ಜನರಿಗೆ ಸರಿಯಾದ ಸಮಯಕ್ಕೆ ಸರಿಯಾದ ಮಾತು ಹೇಳದೆ ಹೋದದ್ದು. ನಮ್ಮಲ್ಲಿ ಸ್ಥಾವರದ ಸುತ್ತ 16 ಕಿಲೋಮೀಟರ್ ದೂರದ ತನಕ ತುರ್ತು ಯೋಜನೆ ಇದೆ ಎನ್ನುತ್ತಾರೆ, ಅಣಕು ಕಾರ್ಯಾಚರಣೆಯೂ ಆಗುತ್ತದೆ. ಮಳೆಗಾಲದಲ್ಲಿ ಕದ್ರಾ ಡ್ಯಾಮಿನ ನೀರು ಬಿಟ್ಟಾಗ ಮಲ್ಲಾಪುರದ ರಸ್ತೆಯೇ ಮುಳುಗಿತ್ತು, 2019ರಲ್ಲಿ. ಆ ಹೊತ್ತಿನಲ್ಲಿ ಬಸ್ಸು ಯಾವ ಕಡೆಯಿಂದ ಬರುತ್ತದೆ ಎಂದು ನಮ್ಮೂರಿನ ಅಜ್ಜಿಗೆ ಗೊತ್ತಿರಬೇಕಲ್ಲವೇ?

ಭೌತಶಾಸ್ತ್ರ ಮೇಷ್ಟ್ರು

ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ.

ಮೈಸೂರು ಮಂಜು

ಮೊಬೈಲ್ ಟವರಿನ ವಿಕಿರಣವೂ ಇದೇನಾ? ನಮ್ಮ ಬೀದಿಯಲ್ಲಿ ಹೊಸದು ನಿಲ್ಲಿಸುತ್ತಿದ್ದಾರೆ.

ಎಕ್ಸ್‌ರೇ ಅಕ್ಕ

ಅಲ್ಲ. ಟವರಿನದ್ದು ರೇಡಿಯೋ ತರಂಗ, ಅದಕ್ಕೆ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತು ಹಾಕುವಷ್ಟು ಶಕ್ತಿ ಇಲ್ಲ. ಎಕ್ಸ್‌ರೇ, ಗಾಮಾ ಕಿರಣಗಳಿಗೆ ಉಂಟು. ಡಿಎನ್‌ಎಗೆ ಪೆಟ್ಟು ಬೀಳುವುದು ಆ ಕಾರಣಕ್ಕೆ.

ಹಾಗೆಯೇ ಇನ್ನೊಂದು: ಗಾಮಾ ಕಿರಣ ಹಾಯಿಸಿದ ಮಾವು, ಈರುಳ್ಳಿ ಬಗ್ಗೆಯೂ ಜನ ಹೆದರುತ್ತಾರೆ. ಮಾಲೂರಿನಿಂದ ಅಮೆರಿಕಕ್ಕೆ ಹೋಗುವ ಮಾವಿಗೆ ಹುಳದ ಸಂತಾನ ಬೆಳೆಯದಿರಲಿ ಅಂತ ಕಿರಣ ಹಾಯಿಸುವುದುಂಟು. ಹಣ್ಣಿನಲ್ಲಿ ಏನೂ ಉಳಿಯುವುದಿಲ್ಲ, ಎಕ್ಸ್‌ರೇ ತೆಗೆಸಿಕೊಂಡವರ ಹಾಗೆಯೇ.

ಬಂಗಾರಪೇಟೆ ಹೈದ

ತಡವಾಗಿ ಬಂದೆ. ಕಸದ ವಿಷಯ ಯಾರೂ ಎತ್ತಲಿಲ್ಲ. 2012ರ ನವೆಂಬರಿನಲ್ಲಿ ಕೂಡಂಕುಳಂ ಕಸವನ್ನು ನಮ್ಮ ಕೆಜಿಎಫ್ ಗಣಿಗೆ ತಂದು ಹಾಕುತ್ತಾರೆ ಎಂದು ಸುದ್ದಿಯಾಗಿ ಇಡೀ ಊರೇ ಬೀದಿಗೆ ಬಂದಿತ್ತು. ಆಮೇಲೆ ಅಂಥ ಯೋಚನೆ ಇಲ್ಲ ಎಂದರು. ಗಣಿ ಮುಚ್ಚಿ ಕೆಲಸ ಹೋಗಿ ಸಯನೈಡ್ ದಿಬ್ಬದ ದೂಳು ಕುಡಿಯುತ್ತಿರುವ ಊರಿಗೆ ಇದೂ ಒಂದು ಬೇಕಿತ್ತಾ ಎಂದು ನಮ್ಮಪ್ಪ ಎಷ್ಟು ನೊಂದುಕೊಂಡರು.

ಟೋಕಿಯೋ ಕನ್ನಡಿಗ

ಕೆಜಿಎಫ್ ಎಂದರೆ ನನಗೆ ಮೊದಲು ನೆನಪಾಗುವುದು ಬೇರೆ. 2 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಆಕಾಶದ ಬೇರೆ ಕಿರಣ ಬಹುತೇಕ ತಲುಪದ ಕಡೆ ವಿಜ್ಞಾನಿಗಳು ಉಪಕರಣ ಇಟ್ಟು 1965ರಲ್ಲಿ ವಾಯುಮಂಡಲದ ನ್ಯೂಟ್ರಿನೋಗಳನ್ನು (ಬಂಡೆಯನ್ನೂ ತೂರಿ ಹೋಗುವ ಸೂಕ್ಷ್ಮ ಕಣಗಳು) ಕಂಡುಹಿಡಿದರು. ಜಗತ್ತಿನಲ್ಲೇ ಮೊದಲ ಬಾರಿಗೆ ಕಂಡವರಲ್ಲಿ ಅವರೂ ಸೇರಿದ್ದಾರೆ. ನಮ್ಮ ಕೋಲಾರದ ಮಕ್ಕಳಿಗೆ ಎಷ್ಟು ಜನಕ್ಕೆ ಇದು ಗೊತ್ತು?

ಬಂಗಾರಪೇಟೆ ಹೈದ

ನಮ್ಮ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ ಅಣ್ಣ. ಕಸದ ಪ್ರಶ್ನೆಗೆ ಉತ್ತರ?

ಭೌತಶಾಸ್ತ್ರ ಮೇಷ್ಟ್ರು

ಉರಿದು ಬಂದ ಇಂಧನವನ್ನು ಮೊದಲು ವರ್ಷಗಟ್ಟಲೆ ನೀರಿನ ಕೊಳದಲ್ಲಿ ಇಡುತ್ತಾರೆ. ನೀರು ತಣಿಸುತ್ತದೆ, ಕಿರಣವನ್ನೂ ತಡೆಯುತ್ತದೆ. ನಮ್ಮ ದೇಶದಲ್ಲಿ ಅದನ್ನು ಹಾಗೇ ಹೂಳುವುದಿಲ್ಲ, ಸಂಸ್ಕರಿಸಿ ಪ್ಲುಟೋನಿಯಂ, ಉಳಿದ ಯುರೇನಿಯಂ ಬೇರ್ಪಡಿಸುತ್ತಾರೆ. ಟ್ರಾಂಬೆ, ತಾರಾಪುರ, ಕಲ್ಪಾಕ್ಕಂನಲ್ಲಿ ಈ ಕೆಲಸ. ಕೊನೆಗೆ ಉಳಿಯುವ ತೀವ್ರ ಕಸವನ್ನು ಗಾಜಿನ ಜೊತೆ ಕರಗಿಸಿ ಉಕ್ಕಿನ ಡಬ್ಬಿಗಳಲ್ಲಿ ಮುಚ್ಚುತ್ತಾರೆ. ಅದರಲ್ಲಿ ಸೀಸಿಯಂ-137, ಸ್ಟ್ರಾನ್ಷಿಯಂ-90 ಮುಖ್ಯ, ಅರ್ಧಾಯು 30 ವರ್ಷದ ಆಸುಪಾಸು, 300 ವರ್ಷಕ್ಕೆ ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತವೆ. ಪ್ಲುಟೋನಿಯಂ-239 ಮಾತ್ರ 24,000 ವರ್ಷ. ಅದನ್ನು ಬೇರ್ಪಡಿಸಿ ಮತ್ತೆ ಇಂಧನ ಮಾಡಬೇಕು, ಕೊನೆಗೆ ಥೋರಿಯಂಗೆ ಹೋಗಬೇಕು ಎಂಬುದು ಹೋಮಿ ಭಾಭಾ ಹಾಕಿಕೊಟ್ಟ ದಾರಿ. ತುಮಕೂರು ಸೀಮೆಯಲ್ಲಿ ಹುಟ್ಟಿದ ಅಣುವಿಜ್ಞಾನಿ ರಾಜಾ ರಾಮಣ್ಣ ಅದನ್ನು ಮುಂದುವರಿಸಿದವರು. ಆಳದ ಬಂಡೆಯಲ್ಲಿ ಶಾಶ್ವತವಾಗಿ ಹೂಳುವ ಜಾಗ ನಮ್ಮಲ್ಲಿ ಇನ್ನೂ ಇಲ್ಲ.

ಕದ್ರಾ ಕಡೆಯವ

300 ವರ್ಷ ಕಾಯುವುದು ಯಾರು ಎಂಬುದನ್ನೂ ಬರೆದಿಡಬೇಕು ಮೇಷ್ಟ್ರೇ.

ಯಲ್ಲಾಪುರದವಳು

ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಹುಡುಗನನ್ನೇ ನೇರವಾಗಿ ಕೇಳೋಣ, ಕೇಳಿದರೆ ತಪ್ಪೇನು ಎಂದು ಅಮ್ಮನೇ ಈಗ ಹೇಳುತ್ತಿದ್ದಾರೆ. ಬ್ಯಾಡ್ಜಿನ ದಾಖಲೆಯನ್ನೂ ಕೇಳುತ್ತಾರಂತೆ. ದೊಡ್ಡಮ್ಮ ಇನ್ನೂ ಒಪ್ಪಿಲ್ಲ. ಎಲ್ಲರಿಗೂ ಧನ್ಯವಾದ.

ರಿಟೈರ್ಡ್ ಫಿಟ್ಟರ್

ಕೇಳಲಿ. ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳುವವನು ಒಳ್ಳೆಯ ಇಂಜಿನಿಯರ್ ಅಲ್ಲ.

ಬಂಗಾರಪೇಟೆ ಹೈದ

ಮೇಷ್ಟ್ರೇ, ಒಂದು ಬೇರೆ ಪ್ರಶ್ನೆ. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಯುರೇನಿಯಂ ಇದೆ ಎಂದು ಪೇಪರಿನಲ್ಲಿ ಬಂದಿತ್ತು. ಇಲ್ಲಿ ಯಾವ ಸ್ಥಾವರವೂ ಇಲ್ಲ, ಎಲ್ಲಿಂದ ಬಂತು? ಮನೆಯಲ್ಲಿ ಚಿಕ್ಕ ಮಗು ಇದೆ.

ಭೌತಶಾಸ್ತ್ರ ಮೇಷ್ಟ್ರು

ಬಂಡೆಯಿಂದ. ನಿಮ್ಮ ಕಡೆಯ ಗ್ರಾನೈಟಿನಲ್ಲಿ ಯುರೇನಿಯಂ ಸಹಜವಾಗಿ ಇದೆ. ಬೋರು ಆಳಕ್ಕೆ ಹೋದಷ್ಟೂ ನೀರು ಬಂಡೆಯ ಬಿರುಕುಗಳಲ್ಲಿ ಹೆಚ್ಚು ಕಾಲ ನಿಂತು ಅದನ್ನು ಕರಗಿಸಿಕೊಂಡು ಬರುತ್ತದೆ. ಪೂರ್ವ ಕರ್ನಾಟಕದ ಹಳ್ಳಿಗಳ ನೀರು ಪರೀಕ್ಷಿಸಿದವರು ಹಲವು ಕಡೆ ಮಿತಿ ಮೀರಿದ್ದನ್ನು ಕಂಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ, ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿ ಹಾಕಿದ್ದು 60.

ಇಲ್ಲಿ ವಿಕಿರಣಕ್ಕಿಂತ ಹೆಚ್ಚು ಚಿಂತೆ ಅದು ವಿಷ ಎಂಬುದರದ್ದು. ಯುರೇನಿಯಂನ ಅರ್ಧಾಯು 450 ಕೋಟಿ ವರ್ಷ, ಅಷ್ಟು ನಿಧಾನ ಒಡೆಯುವುದರಿಂದ ಕಿರಣ ಕಡಿಮೆ. ಆದರೆ ಭಾರಲೋಹವಾದ್ದರಿಂದ ಮೂತ್ರಪಿಂಡಕ್ಕೆ ಪೆಟ್ಟು. ಕುದಿಸಿದರೆ ಹೋಗುವುದಿಲ್ಲ, ನೀರು ಇಂಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಆರ್‌ಒ ತೆಗೆಯುತ್ತದೆ.

ಬಂಗಾರಪೇಟೆ ಹೈದ

ಪಂಚಾಯಿತಿಯ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುತ್ತೇವೆ. ಅದು ಕೆಟ್ಟು ನಿಂತಾಗ ಬೋರಿನದ್ದೇ.

ಎಕ್ಸ್‌ರೇ ಅಕ್ಕ

ಮಗುವಿನ ಹಾಲಿನ ಪುಡಿ ಕಲಸಲಿಕ್ಕೆ ಬೋರಿನ ನೀರು ಬೇಡವೇ ಬೇಡ. ಮಳೆಗಾಲದಲ್ಲಿ ಚಾವಣಿಯ ನೀರು ಹಿಡಿದಿಟ್ಟುಕೊಳ್ಳಿ, ಅದರಲ್ಲಿ ಯುರೇನಿಯಂ, ಫ್ಲೋರೈಡ್ ಎರಡರ ಕಾಟವೂ ಇಲ್ಲ. ಸೋಸಿ ಕುದಿಸಿದರೆ ಸಾಕು.

ಭೌತಶಾಸ್ತ್ರ ಮೇಷ್ಟ್ರು

ನೀರನ್ನು ಪರೀಕ್ಷೆಗೆ ಕೊಡುವಾಗ ಯುರೇನಿಯಂ ನೋಡಿ ಎಂದು ಬಾಯಿಬಿಟ್ಟು ಕೇಳಿ. ಸಾಮಾನ್ಯ ಪರೀಕ್ಷೆಯಲ್ಲಿ ಗಡಸುತನ, ಫ್ಲೋರೈಡ್, ನೈಟ್ರೇಟ್ ನೋಡಿ ವರದಿ ಕೊಟ್ಟುಬಿಡುತ್ತಾರೆ. ಅಲ್ಲಿ ಆಗದಿದ್ದರೆ ಯಾವ ಲ್ಯಾಬಿಗೆ ಕಳಿಸಬೇಕು ಎಂದು ಬರೆಸಿಕೊಂಡು ಬನ್ನಿ. ವರದಿ ಬಂದ ಮೇಲೆ ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ. ಆರ್‌ಒ ಘಟಕದಿಂದ ಹೊರಬರುವ ಕೊಳೆನೀರನ್ನು ಎಲ್ಲಿಗೆ ಬಿಡುತ್ತಿದ್ದಾರೆ ಎಂಬುದನ್ನೂ ವಿಚಾರಿಸಿ, ತೆಗೆದ ಯುರೇನಿಯಂ ಎಲ್ಲ ಇರುವುದು ಅದರಲ್ಲೇ.

ಬಂಗಾರಪೇಟೆ ಹೈದ

ಬೋರ್‌ವೆಲ್ ಪಕ್ಕದ ಗುಂಡಿಗೇ ಬಿಡುತ್ತಾರೆ ಸಾರ್. ನಾಳೆ ಪಂಚಾಯಿತಿಗೆ ಹೋಗಿ ಕೇಳುತ್ತೇನೆ.